ಕೆಂಪು ಗೋಬಿಯ ಹಿಂದೆ ಏನಿದೆ?



"ಒಂದು ಪ್ಲೇಟ್ ಗೋಬಿ" ಎಂದು ನೀವು ಕೇಳಿದರೆ ಅಂಗಡಿಯವನು ಹಸಿ ಹೂಕೋಸನ್ನು ತೂಗಿ ಕೊಡುವುದಿಲ್ಲ. ಹಿಟ್ಟಿನಲ್ಲಿ ಅದ್ದಿ ಕರಿದು, ಸಾಸಿನಲ್ಲಿ ಹೊರಳಿಸಿ, ಮೇಲೆ ಹಸಿ ಈರುಳ್ಳಿ ಉದುರಿಸಿ, ಒಂದು ಹಲ್ಲುಕಡ್ಡಿ ಚುಚ್ಚಿ ಕೊಡುತ್ತಾನೆ. ಹಿಂದಿಯಲ್ಲಿ ಗೋಬಿ ಎಂದರೆ ಬರಿಯ ತರಕಾರಿ. ಕನ್ನಡನಾಡಿಗೆ ಬಂದು ಆ ಪದ ಒಂದು ತಿಂಡಿಯ ಹೆಸರಾಯಿತು. ಹೂಕೋಸು ಎಂಬ ನಮ್ಮ ಪದ ಸಂತೆಯಲ್ಲೇ ಉಳಿಯಿತು, ಗೋಬಿ ಬಸ್ ನಿಲ್ದಾಣಕ್ಕೂ ಕಾಲೇಜಿನ ಗೇಟಿಗೂ ಜಾತ್ರೆಗೂ ಹೋಯಿತು. ನಮ್ಮ ರಾಜ್ಯದಲ್ಲಿ ಇಂದು ಅದು ಸಿಗದ ತಾಲ್ಲೂಕು ಕೇಂದ್ರವನ್ನು ಹುಡುಕುವುದು ಕಷ್ಟ.

ಈ ತಿಂಡಿಯನ್ನು ಮಾರುವ ಅಂಗಡಿಯ ಮೇಲೆ ಸಾಮಾನ್ಯವಾಗಿ "ಚೈನೀಸ್" ಎಂದು ಬರೆದಿರುತ್ತದೆ. ಅದರಲ್ಲಿ ಚೀನದ್ದು ಎಷ್ಟು, ನಮ್ಮದು ಎಷ್ಟು? ಅದರ ಬಗ್ಗೆ ಮನೆಯಲ್ಲಿ ಹಿರಿಯರು ಹೇಳುವ ಎಚ್ಚರಿಕೆಗಳಲ್ಲಿ ಯಾವುದು ನಿಜ, ಯಾವುದು ಬರಿಯ ಗುಮಾನಿ? ಈ ಪುಟಗಳಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಬೆಂಗಳೂರಿನ ದಕ್ಷಿಣದಂಚಿನಲ್ಲಿ ಇದೇ ಹೆಸರಿನ ಬಡಾವಣೆಯೊಂದಿದೆ, ನಾನು ಹೇಳುತ್ತಿರುವುದು ಅದಲ್ಲ. ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವಿರುವ ಅಂಜನಾಪುರ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದರೆ ಸುತ್ತಲ ಊರುಗಳ ಜನ ನೋಡಲು ಸೇರುತ್ತಾರೆ. ಅಲ್ಲಿ ಚಿತ್ರೀಕರಣ ಮುಗಿಸಿ ನಮ್ಮ ತಂಡ ಶಿಕಾರಿಪುರದ ಕಡೆಗೆ ಹೊರಟಾಗ ಸಂಜೆ ಏಳು ಗಂಟೆ. ಕ್ಯಾಮೆರಾಮನ್, ಧ್ವನಿ ಮುದ್ರಕ, ಇಬ್ಬರು ಸಹಾಯಕರು, ಚಾಲಕ, ನಾನು, ಒಟ್ಟು ಆರು ಜನ. ಊಟಕ್ಕೆ ಎಲ್ಲಿ ನಿಲ್ಲಿಸುವುದು ಎಂಬ ಚರ್ಚೆ ಶುರುವಾಯಿತು. ಚಿತ್ರೀಕರಣದ ತಂಡದಲ್ಲಿ ದೃಶ್ಯದ ಬಗ್ಗೆ ಇಲ್ಲದ ಭಿನ್ನಾಭಿಪ್ರಾಯ ಊಟದ ಬಗ್ಗೆ ಇರುತ್ತದೆ. ಮುದ್ದೆ ಬೇಕೆಂದವರು ಒಬ್ಬರು, ದೋಸೆ ಸಾಕೆಂದವರು ಇಬ್ಬರು. ಕೊನೆಗೆ ಊರಂಚಿನಲ್ಲಿ, ತಗಡಿನ ಚಾವಣಿಯ ಕೆಳಗೆ ಎರಡು ಕೆಂಪು ಕಾಗದದ ದೀಪ ತೂಗಾಡುತ್ತಿದ್ದ ಒಂದು ಚೈನೀಸ್ ಅಂಗಡಿಯ ಮುಂದೆ ಚಾಲಕರು ಗಾಡಿ ನಿಲ್ಲಿಸಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ನಾಲ್ಕು ಪ್ಲಾಸ್ಟಿಕ್ ಮೇಜು, ಗೋಡೆಯ ಮೇಲೆ ಡ್ರ್ಯಾಗನ್ ಚಿತ್ರ, ಪಕ್ಕದಲ್ಲಿ ದೇವರ ಕ್ಯಾಲೆಂಡರು. ಅಡಿಗೆ ಮಾಡುವವನು ಸೊರಬದ ಕಡೆಯ ಯುವಕ. ಬೆಂಗಳೂರಿನ ಹೋಟೆಲೊಂದರಲ್ಲಿ ನಾಲ್ಕು ವರ್ಷ ದುಡಿದು, ಕೆಲಸ ಕಲಿತು, ಸಾಲ ಮಾಡಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಆರು ಜನರೂ ಬೇರೆ ಬೇರೆ ಹೇಳದೆ ಮೂರು ನಾಲ್ಕು ಬಗೆ ತರಿಸಿ ನಡುವೆ ಇಟ್ಟುಕೊಂಡು ಹಂಚಿಕೊಳ್ಳೋಣ ಎಂದು ಕ್ಯಾಮೆರಾಮನ್ ಹೇಳಿದರು. ಇದು ನಿಜವಾಗಿ ಚೀನದ ಪದ್ಧತಿ. ಅಲ್ಲಿ ಅನ್ನದ ಬಟ್ಟಲು ಮಾತ್ರ ಅವರವರದು, ವ್ಯಂಜನಗಳು ಮೇಜಿನ ನಡುವೆ ಎಲ್ಲರಿಗೂ ಸೇರಿದ್ದು.

ತಟ್ಟೆಗಳು ಬಂದವು. ಗೋಬಿಯನ್ನು ನೋಡಿ ನಮ್ಮ ಕಿರಿಯ ಸಹಾಯಕ ಸ್ವಲ್ಪ ನಿರಾಸೆಯಿಂದ ಕೇಳಿದ: "ಏನಣ್ಣ, ಬಣ್ಣಾನೇ ಇಲ್ವಲ್ಲ?"

ಗೋಬಿ ಕಡುಗೆಂಪಾಗಿರಲಿಲ್ಲ. ಸುಟ್ಟ ಇಟ್ಟಿಗೆಯ ಬಣ್ಣಕ್ಕಿಂತ ಸ್ವಲ್ಪ ಮೇಲು. ಅಡಿಗೆಯವನು ಒಲೆಯ ಮುಂದಿನಿಂದಲೇ ಉತ್ತರಿಸಿದ: "ಎಲ್ರೂ ಇದ್ನೇ ಕೇಳ್ತಾರೆ ಅಣ್ಣ. ಬಣ್ಣ ಬಿಟ್ಟು ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕ್ತಿದೀನಿ. ಮೊದ್ಲು ಬರ್ತಿದ್ದ ಕಾಲೇಜ್ ಹುಡುಗ್ರು ಅರ್ಧಕ್ಕರ್ಧ ಬೇರೆ ಗಾಡಿಗೆ ಹೋದ್ರು. ಅಲ್ಲಿ ಇನ್ನೂ ಕೆಂಪಗೆ ಕೊಡ್ತಾರಂತೆ."

ಈ ಮಾತನ್ನು ನೆನಪಿನಲ್ಲಿಡಿ. ಅವನು ಹೇಳಿದ ಕಾಲೇಜ್ ಹುಡುಗರು ಎಂದರೆ ನೀವೇ. ಬಣ್ಣದ ವಿಚಾರಕ್ಕೆ ಆಮೇಲೆ ಬರೋಣ. ಅದಕ್ಕೆ ಮೊದಲು ಈ ತಟ್ಟೆ ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕು.

ಮಂಚೂರಿಯಾ ಎಂಬುದು ಚೀನದ ಈಶಾನ್ಯ ಭಾಗದ ಹಳೆಯ ಹೆಸರು. ಬಹಳ ಚಳಿಯ ಪ್ರದೇಶ. ಅಲ್ಲಿಗೆ ಹೋಗಿ ಗೋಬಿ ಮಂಚೂರಿ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಈ ತಿಂಡಿ ಹುಟ್ಟಿದ್ದು ಭಾರತದಲ್ಲಿ. ಅದರ ಹಿಂದೆ ಇರುವುದು ಕೊಲ್ಕತ್ತಾದ ಚೀನೀ ಕುಟುಂಬಗಳು. 18ನೆಯ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದಾಗ, ಟಾಂಗ್ ಅಚಿ ಎಂಬ ಚೀನೀ ವ್ಯಾಪಾರಿ ಹೂಗ್ಲಿ ನದಿಯ ದಡದಲ್ಲಿ ಜಮೀನು ಪಡೆದು ಸಕ್ಕರೆಯ ಕಾರ್ಖಾನೆ ತೆರೆದ. ಆ ಜಾಗಕ್ಕೆ ಇಂದಿಗೂ ಅಚಿಪುರ ಎಂದೇ ಹೆಸರು. ಆಮೇಲೆ ಬಡಗಿಗಳು, ಚಮ್ಮಾರರು, ಚರ್ಮ ಹದ ಮಾಡುವವರು ಬಂದರು. ಇವರಲ್ಲಿ ಹಕ್ಕಾ ಎಂಬ ಸಮುದಾಯದವರು ಕೊಲ್ಕತ್ತಾದ ಪೂರ್ವದಂಚಿನ ಟಾಂಗ್ರಾದಲ್ಲಿ ಚರ್ಮದ ಕಾರ್ಖಾನೆಗಳನ್ನು ನಡೆಸಿದರು. ಅಂಗಡಿಗಳ ಪಟ್ಟಿಯಲ್ಲಿ ನೀವು ಓದುವ "ಹಕ್ಕಾ ನೂಡಲ್ಸ್" ಎಂಬುದು ಒಂದು ಜನಾಂಗದ ಹೆಸರು ಎಂಬುದು ನಿಮಗೆ ತಿಳಿದಿರಲಿ.

1962ರ ಯುದ್ಧ ಈ ಕುಟುಂಬಗಳ ಬದುಕನ್ನು ಬುಡಮೇಲು ಮಾಡಿತು. ಭಾರತದಲ್ಲೇ ಹುಟ್ಟಿ ಬೆಳೆದವರೂ ಸೇರಿದಂತೆ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ತಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಕೆಲವರಿಗೆ ಅಲ್ಲಿಂದ ಬಿಡುಗಡೆ ಸಿಕ್ಕಿದ್ದು ವರ್ಷಗಳ ನಂತರ. ಅನೇಕರು ದೇಶ ಬಿಟ್ಟರು. ಉಳಿದವರಲ್ಲಿ ಹಲವರಿಗೆ ಅನ್ನ ಕೊಟ್ಟದ್ದು ಅಡಿಗೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಟಾಂಗ್ರಾದ ಚರ್ಮದ ಕಾರ್ಖಾನೆಗಳು ನಗರದಿಂದ ಹೊರಹೋಗಬೇಕೆಂದು ಆದೇಶಿಸಿದಾಗ ಆ ಕಟ್ಟಡಗಳು ಕೂಡ ಊಟದ ಮನೆಗಳಾದವು. ನಾವು ಆರಾಮವಾಗಿ ತಿನ್ನುವ ತಿಂಡಿಯ ಹಿಂದೆ ಇಂಥದೊಂದು ಕಥೆ ಇದೆ, ಶಾಲೆಯ ಪುಸ್ತಕದಲ್ಲಿ ಅದು ಬರುವುದಿಲ್ಲ.

ಕೊಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗ ಮುಂಬಯಿಗೆ ಬಂದು ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಕೆಲಸ ಮಾಡುತ್ತಿದ್ದರು. 1975ರಲ್ಲಿ ಯಾರೋ ಪಟ್ಟಿಯಲ್ಲಿ ಇಲ್ಲದ್ದೇನಾದರೂ ಕೊಡಿ ಎಂದು ಕೇಳಿದಾಗ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ, ಅದರಲ್ಲಿ ಕರಿದ ಕೋಳಿಯ ತುಂಡು ಹಾಕಿಕೊಟ್ಟರಂತೆ. ಅದೇ ಚಿಕನ್ ಮಂಚೂರಿಯನ್. ಕೋಳಿಯ ಜಾಗದಲ್ಲಿ ಹೂಕೋಸನ್ನು ಕೂರಿಸಿದ್ದು ಸಸ್ಯಾಹಾರಿಗಳ ನಾಡಿಗೆ ಸಹಜವಾಗಿಯೇ ಒಪ್ಪಿತು.

ಈಗ ತಟ್ಟೆಯಲ್ಲಿರುವ ಒಂದೊಂದನ್ನೂ ಅದರ ತವರಿಗೆ ಕಳಿಸಿ ನೋಡಿ. ಹೂಕೋಸು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಬೆಳೆ, 1822ರಲ್ಲಿ ಇಂಗ್ಲೆಂಡಿನಿಂದ ಸಹರಾನ್‌ಪುರದ ತೋಟಕ್ಕೆ ಬಂತು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಬಂತು. ಕಾರ್ನ್‌ಫ್ಲೋರಿನ ಮೂಲವಾದ ಗೋವಿನಜೋಳವೂ ಅಮೆರಿಕದ್ದೇ. ಬೆಳ್ಳುಳ್ಳಿ ಮಧ್ಯ ಏಷ್ಯದ್ದು. ಚೀನದಿಂದ ಬಂದದ್ದು ಸೋಯಾ ಒಂದೇ. ಮಲೆನಾಡಿನ ಮನೆಗಳಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರಲ್ಲ, ಆ ಕಾಯಿಯೂ ಅಮೆರಿಕದ್ದೇ, ಚೀನದ್ದಲ್ಲ! ದೂರದಿಂದ ಬಂದದ್ದಕ್ಕೆಲ್ಲ ಚೀನದ ಹೆಸರು ಇಡುವ ಅಭ್ಯಾಸ ನಮಗೆ ಹೊಸದೇನಲ್ಲ.

ಶಿಕಾರಿಪುರ, ಸೊರಬದ ಮಕ್ಕಳು ಈ ತಟ್ಟೆಯನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ನಿಮ್ಮ ಹೊಲಗಳಲ್ಲಿ ಬೆಳೆಯುವ ಗೋವಿನಜೋಳ ಲಾರಿ ಹತ್ತಿ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಕಾಳನ್ನು ಗಂಧಕದ ಡೈ ಆಕ್ಸೈಡ್ ಬೆರೆತ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಅರೆದು, ಮೊಳಕೆಯ ಭಾಗ, ನಾರು ಮತ್ತು ಪ್ರೋಟೀನನ್ನು ಬೇರ್ಪಡಿಸುತ್ತಾರೆ. ಉಳಿದ ಬಿಳಿಯ ಪುಡಿಯೇ ಕಾರ್ನ್‌ಫ್ಲೋರ್, ಅಂದರೆ ಬಹುಮಟ್ಟಿಗೆ ಶುದ್ಧ ಪಿಷ್ಟ. ನೀವು ಬೆಳೆಯುವ ಶುಂಠಿಯೂ ಈ ಬಾಣಲೆಗೇ ಬೀಳುತ್ತದೆ.

ಗೋಬಿ ಗರಿಗರಿಯಾಗುವುದು ಹೇಗೆ? ಹಿಟ್ಟಿನಲ್ಲಿ ಮೈದಾ ಮತ್ತು ಕಾರ್ನ್‌ಫ್ಲೋರ್ ಎರಡೂ ಇರುತ್ತವೆ. ಮೈದಾದಲ್ಲಿ ಗ್ಲುಟೆನ್ ಎಂಬ ಜಿಗುಟಿನ ಪ್ರೋಟೀನ್ ಇದೆ, ಅದು ಹಿಟ್ಟನ್ನು ಹೂಕೋಸಿಗೆ ಅಂಟಿಸುತ್ತದೆ. ಬರಿಯ ಮೈದಾ ಹಾಕಿದರೆ ಬೋಂಡದ ಹಾಗೆ ಮೆತ್ತಗಾಗುತ್ತದೆ. ಪ್ರೋಟೀನ್ ಇಲ್ಲದ ಕಾರ್ನ್‌ಫ್ಲೋರ್ ಸೇರಿದಾಗ ಹೊರಪದರ ಬಿರುಸಾಗುತ್ತದೆ. ಎಣ್ಣೆಯ ಉಷ್ಣತೆ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್. ಹಿಟ್ಟಿನಲ್ಲಿರುವ ನೀರು ಕುದಿಯುವುದು 100 ಡಿಗ್ರಿಗೆ. ಆದ್ದರಿಂದ ತುಂಡು ಬಿದ್ದ ತಕ್ಷಣ ನೀರು ಆವಿಯಾಗಿ ಹೊರನುಗ್ಗುತ್ತದೆ, ಎಣ್ಣೆಯಲ್ಲಿ ಕಾಣುವ ಗುಳ್ಳೆಗಳು ಆ ಆವಿಯೇ. ಆವಿ ಹೊರನುಗ್ಗುತ್ತಿರುವವರೆಗೆ ಎಣ್ಣೆ ಒಳಗೆ ಹೆಚ್ಚು ಇಳಿಯುವುದಿಲ್ಲ. ಎಣ್ಣೆ ಸಾಕಷ್ಟು ಕಾಯದಿದ್ದರೆ ಆವಿಯ ಒತ್ತಡ ಕಡಿಮೆ, ಆಗ ತುಂಡು ಎಣ್ಣೆ ಕುಡಿಯುತ್ತದೆ. ನೀರು ಆರಿದ ಮೇಲೆ ಹೊರಪದರದ ಉಷ್ಣತೆ ಏರಿ, ಪ್ರೋಟೀನ್ ಮತ್ತು ಸಕ್ಕರೆಯ ಅಂಶಗಳು ಸೇರಿ ಕಂದುಬಣ್ಣ ಮತ್ತು ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ವಿಜ್ಞಾನಿಯೊಬ್ಬರ ಹೆಸರಿನಿಂದ ಇದನ್ನು ಮೈಯಾರ್ ಕ್ರಿಯೆ ಎನ್ನುತ್ತಾರೆ. ದೋಸೆ ಕೆಂಪಗಾಗುವುದೂ ಹೀಗೆಯೇ.

ಸಾಸನ್ನು ಗಟ್ಟಿ ಮಾಡುವಾಗ ಅಡಿಗೆಯವನು ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲೇ ಕಲಸಿ ಸುರಿಯುವುದನ್ನು ಗಮನಿಸಿದ್ದೀರಾ? ಪಿಷ್ಟದ ಕಣಗಳು 60 ಡಿಗ್ರಿ ದಾಟಿದ ಮೇಲೆ ನೀರು ಹೀರಿ ಉಬ್ಬುತ್ತವೆ. ಪುಡಿಯನ್ನು ನೇರವಾಗಿ ಬಿಸಿ ಸಾಸಿಗೆ ಹಾಕಿದರೆ ಹೊರಗಿನ ಕಣಗಳು ಮೊದಲು ಉಬ್ಬಿ ಅಂಟಾಗಿ, ಒಳಗಿನ ಪುಡಿ ಒಣಗಿಯೇ ಉಳಿದು ಗಂಟಾಗುತ್ತದೆ. ರಾಗಿ ಅಂಬಲಿ ಮಾಡುವ ನಿಮ್ಮ ಅಜ್ಜಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ಎಚ್ಚರಿಕೆಗಳ ವಿಚಾರ. ಚೈನೀಸ್ ಅಂಗಡಿ ಎಂದ ಕೂಡಲೇ ಮನೆಯವರು ಹೇಳುವ ಮೊದಲ ಮಾತು "ಟೇಸ್ಟಿಂಗ್ ಪೌಡರ್ ಹಾಕಿರ್ತಾರೆ". ಅಂದು ನಮ್ಮ ಮೇಜಿನಲ್ಲೂ ಧ್ವನಿ ಮುದ್ರಕರು ಇದನ್ನೇ ಹೇಳಿ ನೂಡಲ್ಸನ್ನು ಪಕ್ಕಕ್ಕೆ ಸರಿಸಿದರು. ಅದೇ ಹೊತ್ತಿಗೆ ಮಧ್ಯಾಹ್ನದಿಂದ ತೆರೆದಿಟ್ಟ ಅನ್ನದ ಪಾತ್ರೆಯೊಂದು ಒಲೆಯ ಬಳಿ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಭಯಗಳ ಕ್ರಮವೇ ತಲೆಕೆಳಗಾಗಿದೆ.

ಟೇಸ್ಟಿಂಗ್ ಪೌಡರ್ ಎಂದರೆ ಮಾನೋಸೋಡಿಯಂ ಗ್ಲುಟಮೇಟ್. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಕಿಕುನೇ ಇಕೇದಾ ಕೊಂಬು ಎಂಬ ಸಮುದ್ರಪಾಚಿಯ ಸಾರಿನಿಂದ ಅದನ್ನು ಬೇರ್ಪಡಿಸಿದರು. ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ಇದೊಂದು ಬೇರೆಯ ರುಚಿ ಎಂದು ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. ಮುಂದಿನ ವರ್ಷ ಅದನ್ನು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರತೊಡಗಿದರು. ಗ್ಲುಟಮೇಟ್ ನಿಮ್ಮ ಮನೆಯ ಟೊಮ್ಯಾಟೊದಲ್ಲೂ ಇದೆ, ತಾಯಿಯ ಹಾಲಿನಲ್ಲೂ ಇದೆ.

ಹಾಗಾದರೆ ಅದಕ್ಕೆ ಕೆಟ್ಟ ಹೆಸರು ಬಂದದ್ದು ಎಲ್ಲಿಂದ? 1968ರಲ್ಲಿ ಅಮೆರಿಕದ ವೈದ್ಯರೊಬ್ಬರು ಒಂದು ವೈದ್ಯಕೀಯ ಪತ್ರಿಕೆಗೆ ಪುಟ್ಟ ಪತ್ರ ಬರೆದರು. ಚೀನೀ ಊಟದ ಮನೆಯಲ್ಲಿ ಉಂಡ ಮೇಲೆ ಕತ್ತಿನ ಹಿಂದೆ ಜೋಮು, ಎದೆಬಡಿತ ಬರುತ್ತದೆ, ಕಾರಣ ಏನಿರಬಹುದು ಎಂದು ಕೇಳಿ, ಸೋಯಾ ಸಾಸ್, ಅಡಿಗೆಗೆ ಹಾಕುವ ಮದ್ಯ, ಉಪ್ಪು, ಗ್ಲುಟಮೇಟ್ ಎಂದು ಹಲವು ಸಾಧ್ಯತೆಗಳನ್ನು ಹೆಸರಿಸಿದರು. ಲೋಕ ಕೊನೆಯದನ್ನು ಮಾತ್ರ ಹಿಡಿದುಕೊಂಡಿತು. ಮುಂದೆ ವಿಜ್ಞಾನಿಗಳು ಪರೀಕ್ಷೆ ನಡೆಸಿದರು. ಕೆಲವರಿಗೆ ಗ್ಲುಟಮೇಟ್, ಕೆಲವರಿಗೆ ಅದರಂತೆಯೇ ಕಾಣುವ ನಿರುಪದ್ರವಿ ಪುಡಿ. ಯಾರಿಗೆ ಯಾವುದು ಎಂಬುದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಹೀಗೆ ಇಬ್ಬರ ಕಣ್ಣನ್ನೂ ಕಟ್ಟಿ ಪರೀಕ್ಷಿಸಿದಾಗ, ಊಟದ ಜೊತೆ ಸೇವಿಸಿದ ಗ್ಲುಟಮೇಟಿನಿಂದ ಆ ಲಕ್ಷಣಗಳು ಮತ್ತೆ ಮತ್ತೆ ಬರುವುದು ಸಾಬೀತಾಗಲಿಲ್ಲ. ಬರಿಹೊಟ್ಟೆಯಲ್ಲಿ ಮೂರು ಗ್ರಾಂನಷ್ಟು ನುಂಗಿದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವೋ ಜೋಮೋ ಬರಬಹುದು, ಅಷ್ಟೇ. ಒಂದು ವರ್ಷದೊಳಗಿನ ಶಿಶುಗಳಿಗೆ ಕೊಡಬಾರದೆಂಬ ಸೂಚನೆ ನಮ್ಮ ದೇಶದ ನಿಯಮದಲ್ಲಿದೆ, ಅದನ್ನು ಪಾಲಿಸಬೇಕು. ರಕ್ತದೊತ್ತಡ ಇರುವವರು ಚಿಂತಿಸಬೇಕಾದದ್ದು ಸೋಡಿಯಂ ಬಗ್ಗೆ. ಅದು ಅಡಿಗೆ ಉಪ್ಪಿನಲ್ಲಿ ನೂರಕ್ಕೆ 39 ಭಾಗ, ಈ ಪುಡಿಯಲ್ಲಿ 12 ಭಾಗ. ಸೋಯಾ ಸಾಸಿನ ಬಾಟಲಿಯಲ್ಲಿ ಇರುವುದಂತೂ ಬಹುಪಾಲು ಉಪ್ಪುನೀರೇ.

ಈಗ ಆ ಅನ್ನದ ಪಾತ್ರೆ. ಫ್ರೈಡ್ ರೈಸಿಗೆ ಆರಿದ ಅನ್ನವೇ ಬೇಕು, ನಮ್ಮ ಚಿತ್ರಾನ್ನಕ್ಕೂ ಹಾಗೆಯೇ. ಬೆಂದಾಗ ಉಬ್ಬಿದ ಪಿಷ್ಟ ಆರುತ್ತಾ ಮತ್ತೆ ಬಿಗಿದುಕೊಳ್ಳುತ್ತದೆ, ಅಗುಳು ಉದುರುದುರಾಗುತ್ತದೆ. ತೊಂದರೆ ಇರುವುದು ಆರಿಸುವ ಬಗೆಯಲ್ಲಿ. ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಮಣ್ಣಿನಲ್ಲಿ, ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದರ ಬೀಜಕಣಗಳು ಅನ್ನ ಕುದಿದರೂ ಸಾಯುವುದಿಲ್ಲ. ಬೇಯಿಸಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಹೊರಗಿಟ್ಟರೆ ಆ ಉಗುರುಬೆಚ್ಚಗಿನ ವಾತಾವರಣದಲ್ಲಿ ಅವು ಮೊಳೆತು ವೃದ್ಧಿಯಾಗಿ ಒಂದು ವಿಷವನ್ನು ಸ್ರವಿಸುತ್ತವೆ. ಬಾಣಲೆಯ ಶಾಖಕ್ಕೆ ಬ್ಯಾಕ್ಟೀರಿಯ ಸಾಯಬಹುದು, ವಿಷ ಮಾತ್ರ ಕೆಡುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಚೀನೀ ಊಟದ ಮನೆಗಳ ಫ್ರೈಡ್ ರೈಸಿನಿಂದ ಹೀಗೆ ಕಾಯಿಲೆ ಬಿದ್ದವರ ಪ್ರಕರಣಗಳಿಂದ ಇದು ವಿವರವಾಗಿ ತಿಳಿದುಬಂತು. ಪರಿಹಾರ ಸುಲಭ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು, ಇಲ್ಲವೇ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಯೇ ಇಡಬೇಕು. ಈ ಮಾತನ್ನು ಅಂದು ಅಡಿಗೆಯವನಿಗೆ ಹೇಳಿದೆವು. "ಬಿಸಿ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡಿದ್ದೆ ಸರ್" ಎಂದ. ನಮ್ಮಲ್ಲಿ ಹೆಚ್ಚಿನವರ ನಂಬಿಕೆಯೂ ಅದೇ. ಹಾಸ್ಟೆಲಿನಲ್ಲಿರುವ ನೀವಂತೂ ಇದನ್ನು ಮರೆಯಬೇಡಿ.

ಎಣ್ಣೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರ ಅಣುಗಳು ಒಡೆದು, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಧ್ರುವೀಯ ಸಂಯುಕ್ತಗಳಾಗುತ್ತವೆ. ಇವು ನೂರಕ್ಕೆ 25 ಭಾಗ ದಾಟಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈಯಿಂದ ದೇಶದಲ್ಲಿ ಜಾರಿಯಲ್ಲಿದೆ. ಅಳೆಯುವ ಉಪಕರಣ ನಿಮ್ಮ ಬಳಿ ಇರುವುದಿಲ್ಲ, ಕಣ್ಣು ಮೂಗು ಇವೆಯಲ್ಲ. ಎಣ್ಣೆ ಕಪ್ಪಗೆ ಮಂದವಾಗಿದ್ದರೆ, ಮೇಲೆ ಆರದ ನೊರೆ ಕಟ್ಟಿದ್ದರೆ, ಕಮಟು ಹೊಗೆ ಬರುತ್ತಿದ್ದರೆ ಆ ಅಂಗಡಿಯಲ್ಲಿ ಅಂದು ಏನನ್ನೂ ತಿನ್ನದಿರುವುದು ಲೇಸು.

ಇನ್ನು ಬಣ್ಣ. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿ, ಅಂದರೆ ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಗೋಬಿಯನ್ನು ನಿಷೇಧಿಸಿದ್ದಾರೆ ಎಂದು ಆಗ ಹಬ್ಬಿದ ಸುದ್ದಿ ತಪ್ಪು, ನಿಷೇಧವಾದದ್ದು ಬಣ್ಣ ಮಾತ್ರ. ರಾಜ್ಯದ ನಾನಾ ಕಡೆಯಿಂದ ತಂದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಪ್ರಯೋಗಾಲಯದಲ್ಲಿ ಕಂಡುಬಂತು. ಬೊಂಬಾಯಿ ಮಿಠಾಯಿಯ 25ರಲ್ಲಿ 15. ಸಿಕ್ಕ ಬಣ್ಣಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಹಾಗೂ ರೊಡಮೀನ್-ಬಿ ಇದ್ದವು. ತಪ್ಪಿತಸ್ಥರಿಗೆ ಏಳು ವರ್ಷದವರೆಗೆ ಸೆರೆವಾಸ, ಹತ್ತು ಲಕ್ಷ ರೂಪಾಯಿವರೆಗೆ ದಂಡ ಎಂದು ಸರ್ಕಾರ ಎಚ್ಚರಿಸಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಇದೇ ನಿಷೇಧ ಬಂತು.

ಈ ನಾಲ್ಕು ಬಣ್ಣಗಳೂ ಒಂದೇ ಬಗೆಯವಲ್ಲ. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟು. ಮೊದಲ ಮೂರೂ ಆ ಎಂಟರಲ್ಲಿ ಸೇರಿವೆ. ಆದರೆ ಅನುಮತಿ ಇರುವುದು ಐಸ್‌ಕ್ರೀಂ, ಬಿಸ್ಕತ್ತು, ಕೇಕು, ಮಿಠಾಯಿಗಳಂಥ ಕೆಲವು ಹೆಸರಿಸಿದ ಪದಾರ್ಥಗಳಿಗೆ, ಅದೂ ಕಿಲೋಗ್ರಾಂಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ಎಂಬಂಥ ಮಿತಿಯೊಳಗೆ. ಬಂಡಿಯಲ್ಲಿ ಪುಡಿ ಹಾಕುವುದು ಚಿಟಿಕೆಯ ಲೆಕ್ಕದಲ್ಲಿ. ಅಲ್ಲಿ ಮಿಲಿಗ್ರಾಂ ತಕ್ಕಡಿ ಇರುವುದಿಲ್ಲ. ರೊಡಮೀನ್-ಬಿ ಮಾತ್ರ ಬೇರೆಯೇ. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಆಹಾರದಲ್ಲಿ ಅದಕ್ಕೆ ಒಂದು ಮಿಲಿಗ್ರಾಂ ಜಾಗವೂ ಇಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದರ ದುಷ್ಪರಿಣಾಮ ಕಂಡುಬಂದಿದೆ. ಬಹಳ ಅಗ್ಗ, ಬಹಳ ಗಾಢ. ಒಂದು ಚಿಟಿಕೆಗೆ ಒಂದು ಬಕೆಟ್ ನೀರು ಗುಲಾಬಿಯಾಗುತ್ತದೆ. ಬಡ ವ್ಯಾಪಾರಿಯನ್ನು ಅದು ಸೆಳೆಯುವುದೂ ಇದೇ ಕಾರಣಕ್ಕೆ. ಪೊಟ್ಟಣದ ಮೇಲೆ ಹೆಸರಿಲ್ಲದೆ ಮಾರುವ "ಕೆಂಪು ಕಲರ್" ಯಾವುದು ಎಂಬುದು ಎಷ್ಟೋ ಸಲ ಕೊಂಡವನಿಗೂ ಗೊತ್ತಿರುವುದಿಲ್ಲ.

ಸೊರಬದ ಆ ಯುವಕ ಹಿಡಿದ ದಾರಿ ಇದಕ್ಕೆ ಸರಿಯಾದ ಉತ್ತರ ಎಂದು ನನಗೆ ತೋರುತ್ತದೆ. ಬ್ಯಾಡಗಿ ಅವನ ಊರಿನಿಂದ ದೂರವೇನಲ್ಲ, ಪಕ್ಕದ ಹಾವೇರಿ ಜಿಲ್ಲೆ. ಬ್ಯಾಡಗಿ ಮೆಣಸಿನಕಾಯಿಯ ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಕ್ಯಾರೆಟ್ಟಿನ ಬಣ್ಣದ ಬಂಧು. ಮೆಣಸಿನಕಾಯಿಯಿಂದ ತೆಗೆದ ಬಣ್ಣದ ಸಾರವನ್ನು ಹೊರದೇಶಗಳಿಗೂ ಕಳಿಸುತ್ತಾರೆ. ಹೊರದೇಶದವರು ಕೊಳ್ಳುವ ಬಣ್ಣ ಮಗ್ಗುಲಲ್ಲೇ ಇರುವಾಗ ನಮ್ಮ ಬಂಡಿಗಳು ಹೆಸರಿಲ್ಲದ ಪೊಟ್ಟಣ ಹುಡುಕುವುದು ವಿಚಿತ್ರ. ಬೆಲೆಯ ತೊಂದರೆ ನಿಜ. ಒಂದು ಕಿಲೋ ಬ್ಯಾಡಗಿಯ ಹಣಕ್ಕೆ ಬಣ್ಣದ ಪುಡಿ ತಿಂಗಳುಗಟ್ಟಲೆ ಬರುತ್ತದೆ. "ಪ್ಲೇಟಿಗೆ ಐದು ರೂಪಾಯಿ ಜಾಸ್ತಿ ಮಾಡಿದ್ರೆ ಗಿಟ್ಟುತ್ತೆ ಸರ್. ಆದ್ರೆ ಜಾಸ್ತಿ ಕೊಟ್ಟು ಕಮ್ಮಿ ಕೆಂಪು ಯಾರು ತಿಂತಾರೆ?" ಎಂದು ಅವನು ಕೇಳಿದ. ನಮ್ಮ ಸಹಾಯಕ ಅಷ್ಟರಲ್ಲಿ ಎರಡನೆಯ ಪ್ಲೇಟ್ ಹೇಳಿಯಾಗಿತ್ತು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆಹಾರ ಸುರಕ್ಷತಾ ಅಧಿಕಾರಿಗಳಿಗಿಂತ ಹೆಚ್ಚಾಗಿ ಸಂಜೆ ಐದು ಗಂಟೆಗೆ ಅಂಗಡಿಯ ಮುಂದೆ ನಿಲ್ಲುವವರು.

ನೂಡಲ್ಸಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಚೀನದ ಲಾಜಿಯಾ ಎಂಬಲ್ಲಿ ಭೂಮಿಯಡಿ ಹೂತ, ಮಗುಚಿಬಿದ್ದ ಬಟ್ಟಲಿನ ಕೆಳಗೆ ಸುಮಾರು 4,000 ವರ್ಷ ಹಳೆಯ ನೂಡಲ್ಸ್ ದೊರೆತವೆಂದು 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಗೋಧಿಯದ್ದಲ್ಲ. ನವಣೆ ಮತ್ತು ಬರಗಿನದು ಎಂದು ಅವರು ಗುರುತಿಸಿದರು. ಜಿಗುಟಿಲ್ಲದ ಆ ಹಿಟ್ಟನ್ನು ಅಷ್ಟು ಉದ್ದಕ್ಕೆ ಎಳೆಯುವುದು ಹೇಗೆ ಎಂದು ಬೇರೆ ವಿಜ್ಞಾನಿಗಳು ವಾದಿಸಿದ್ದಾರೆ. ಎಳೆಯದೆ ಒತ್ತಿರಬಹುದಲ್ಲ, ನಮ್ಮ ಒತ್ತು ಶಾವಿಗೆಯ ಹಾಗೆ! ನಮ್ಮ ಬಯಲುಸೀಮೆಯ ನವಣೆಯ ಮೂಲವೂ ಉತ್ತರ ಚೀನವೇ. ಚೀನದಿಂದ ನಮ್ಮ ಅಡಿಗೆಮನೆಗೆ ನಿಜವಾಗಿ ಬಂದದ್ದು ಬೋರ್ಡು ಹಾಕಿಕೊಂಡು ಬರಲಿಲ್ಲ.

ಕೊನೆಯದಾಗಿ ನೀವೇ ಮಾಡಿ ನೋಡಬಹುದಾದ ಎರಡು ಪರೀಕ್ಷೆಗಳು. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಆಹಾರಕ್ಕೆ ಹಾಕುವ ಕೃತಕ ಬಣ್ಣಗಳು ಸಾಮಾನ್ಯವಾಗಿ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಒಂದು ಗಾಜಿನ ಲೋಟದ ನೀರಿಗೆ ಗೋಬಿಯ ತುಂಡೊಂದನ್ನು ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಮೇಲೆ ಕೆಂಪು ಎಣ್ಣೆಯ ಹನಿಗಳು ತೇಲಿ, ಕೆಳಗಿನ ನೀರು ಸೋಯಾ ಸಾಸಿನಿಂದ ಕಂದಾಗಿದ್ದರೆ ಅದು ಮೆಣಸಿನಕಾಯಿಯ ಬಣ್ಣವಿರಬಹುದು. ನೀರೇ ಹೊಳೆಯುವ ಕೆಂಪು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅನುಮಾನ ಪಡಿ. ಆದರೆ ಅನುಮಾನ ಮಾತ್ರ. ಅಂಗಡಿಯಿಂದ ತಂದ ಬಾಟಲಿ ಸಾಸಿನಲ್ಲೂ ಬಣ್ಣ ಇರಬಹುದು. ಯಾವ ಬಣ್ಣ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಅದನ್ನು ಹೇಳಲು ಪ್ರಯೋಗಾಲಯದವರು ಬಿಳಿ ಉಣ್ಣೆಯ ದಾರವನ್ನು ಬಳಸುತ್ತಿದ್ದ ಒಂದು ಹಳೆಯ ವಿಧಾನವಿದೆ. ಆಮ್ಲ ಬೆರೆಸಿದ ಆಹಾರದ ದ್ರಾವಣದಲ್ಲಿ ದಾರವನ್ನು ಕುದಿಸಿದರೆ ಕೃತಕ ಬಣ್ಣ ಉಣ್ಣೆಗೆ ಹತ್ತುತ್ತದೆ. ಆ ಬಣ್ಣವನ್ನು ಬಿಡಿಸಿಕೊಂಡು ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ಕಾಗದದ ತುದಿಯನ್ನು ದ್ರಾವಕದಲ್ಲಿ ಅದ್ದುತ್ತಾರೆ. ದ್ರಾವಕ ಮೇಲೇರುವಾಗ ಪ್ರತಿಯೊಂದು ಬಣ್ಣವೂ ತನ್ನದೇ ಎತ್ತರದಲ್ಲಿ ನಿಲ್ಲುತ್ತದೆ. ರೊಡಮೀನ್-ಬಿ ಆದರೆ ಅತಿನೇರಳೆ ದೀಪದ ಕೆಳಗೆ ಕಿತ್ತಳೆಯಾಗಿ ಹೊಳೆದು ತನ್ನ ಗುರುತು ತಾನೇ ಹೇಳುತ್ತದೆ. ಇದನ್ನು ಶಾಲೆಯಲ್ಲಿ ಸೀಮೆಸುಣ್ಣದ ಕಡ್ಡಿಯಿಂದ ಮಾಡಬಹುದು. ಕಡ್ಡಿಯ ಬುಡದಿಂದ ಒಂದು ಅಂಗುಲ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆಯಿರಿ. ತಟ್ಟೆಯಲ್ಲಿ ಅರ್ಧ ಅಂಗುಲ ನೀರು ಹಾಕಿ ಕಡ್ಡಿಯನ್ನು ನಿಲ್ಲಿಸಿ. ನೀರು ಗೆರೆಗೆ ತಗಲಬಾರದು. ಐದಾರು ನಿಮಿಷಗಳಲ್ಲಿ ಒಂದೇ ಕಪ್ಪಾಗಿದ್ದ ಗೆರೆಯಿಂದ ನೀಲಿ, ಗುಲಾಬಿ, ಹಳದಿ ಒಂದೊಂದಾಗಿ ಬಿಡಿಸಿಕೊಂಡು ಮೇಲೇರುವುದನ್ನು ಕಾಣುವಿರಿ.